ಕೋಡಿಬೆಂಗ್ರೆಯ ಕೆಸರಿನಲ್ಲಿ ಹುಳುಗಳ ಲೆಕ್ಕ

ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯ ಅಳಿವೆಯಲ್ಲಿ, ನೀರು ಇಳಿದ ಹೊತ್ತಿಗೆ ಹೋಗಿ ನಿಂತರೆ, ಕೆಸರಿನ ಮೇಲೆ ಸೂಜಿಯಿಂದ ಚುಚ್ಚಿದಂತಹ ಅಸಂಖ್ಯ ತೂತುಗಳು ಕಾಣುತ್ತವೆ. ದೊಡ್ಡವು ಏಡಿಗಳ ಬಿಲಗಳು. ಸಣ್ಣವುಗಳಲ್ಲಿ ಎಷ್ಟೋ ಪಾಲಿಕೀಟ್ ಎಂಬ ಕಡಲಹುಳುಗಳ ಮನೆಬಾಗಿಲು. ಎರೆಹುಳುವಿನ ದೂರದ ಬಂಧುಗಳಾದ ಇವುಗಳ ಮೈಯ ಉಂಗುರಗಳ ಇಕ್ಕೆಲಗಳಲ್ಲಿ ಬಿರುಗೂದಲಿನ ಗೊಂಚಲುಗಳಿರುತ್ತವೆ. ನಮ್ಮ ಊಟದ ತಟ್ಟೆಗೆ ಬರುವ ಕಾಣೆ ಮತ್ತು ನಂಗು ಮೀನುಗಳ ಮುಖ್ಯ ಆಹಾರಗಳಲ್ಲಿ ಇವೂ ಸೇರಿವೆ ಎಂದರೆ, ಈ ಹುಳುಗಳ ಏರಿಳಿತ ನಮಗೆ ಸಂಬಂಧಪಡದ ವಿಷಯವಲ್ಲ.

ಎಣಿಸುವ ಕ್ರಮ ಸರಳ. ಗೊತ್ತಾದ ಅಳತೆಯ ಕೆಸರನ್ನು ಅಗೆದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದುದನ್ನು ಸೂಕ್ಷ್ಮದರ್ಶಕದ ಕೆಳಗೆ ಜಾತಿವಾರು ವಿಂಗಡಿಸುತ್ತಾರೆ. ಕಷ್ಟವಿರುವುದು ಬಂದ ಸಂಖ್ಯೆಯನ್ನು ಅರ್ಥಮಾಡಿಕೊಳ್ಳುವುದರಲ್ಲಿ.

ಕರಾವಳಿಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾಗಿರುತ್ತದೆ, ಅಂದರೆ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ; ಆಷಾಢದ ನೆರೆ ಬಂದಾಗ ಅದೇ ನೀರು ಬಾಯಿಗಿಟ್ಟರೆ ಉಪ್ಪೇ ತಿಳಿಯದಷ್ಟು ಸಿಹಿಯಾಗಬಲ್ಲದು. ಮೃದು ಚರ್ಮದ ಹುಳುವಿಗೆ ಇದು ಪ್ರಾಣಾಂತಿಕ, ಏಕೆಂದರೆ ಹೊರಗಿನ ಸಿಹಿನೀರು ಅದರ ಮೈಯೊಳಗೆ ನುಗ್ಗಿ ಜೀವಕೋಶಗಳನ್ನು ಉಬ್ಬಿಸುತ್ತದೆ. ಕೆಲವು ಜಾತಿಗಳು ಬಿಲದ ಆಳಕ್ಕಿಳಿದು ಪಾರಾಗುತ್ತವೆ, ಕೆಸರಿನ ಕಣಗಳ ನಡುವೆ ಸಿಕ್ಕಿಕೊಂಡ ಉಪ್ಪುನೀರು ಅಷ್ಟು ಬೇಗ ಬದಲಾಗುವುದಿಲ್ಲ. ಉಳಿದವು ಸಾಯುತ್ತವೆ, ಇಲ್ಲವೇ ಮೇಲ್ಪದರದ ಕೆಸರಿನೊಂದಿಗೇ ಕೊಚ್ಚಿಹೋಗುತ್ತವೆ.

ಹೀಗೆ ಖಾಲಿಯಾದ ಬಯಲು ಮತ್ತೆ ತುಂಬುವ ಬಗೆಯೇ ನನಗೆ ಈ ವಿಷಯದಲ್ಲಿ ಅತ್ಯಂತ ಸೋಜಿಗದ್ದು. ಪಾಲಿಕೀಟ್‌ಗಳಲ್ಲೇ ನೀರೀಡ್ ಎಂಬ ಬಳಗದ ಹಲವು ಹುಳುಗಳು ಬಾಳಿನಲ್ಲಿ ಒಂದೇ ಸಲ ಸಂತಾನೋತ್ಪತ್ತಿ ಮಾಡುತ್ತವೆ: ಕಣ್ಣು ದೊಡ್ಡದಾಗಿ, ಕಾಲುಗಳು ದೋಣಿಯ ಹುಟ್ಟುಗಳಂತೆ ಅಗಲವಾಗಿ, ಬಿಲ ಬಿಟ್ಟು ಮೇಲಕ್ಕೆ ಈಜಿ, ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಚೆಲ್ಲಿ ಸತ್ತುಹೋಗುತ್ತವೆ. ಹುಟ್ಟಿದ ಡಿಂಭಗಳು ಉಬ್ಬರವಿಳಿತದೊಡನೆ ಅಲೆಯುತ್ತ, ತಮಗೊಪ್ಪುವ ಕೆಸರು ಸಿಕ್ಕಲ್ಲಿ ಇಳಿಯುತ್ತವೆ. ಆದ್ದರಿಂದ ಈ ಬಯಲಿನ ಹುಳುಗಳು ಇಲ್ಲೇ ಹುಟ್ಟಿದವುಗಳ ಮಕ್ಕಳೇ ಆಗಿರಬೇಕೆಂದಿಲ್ಲ. ಪಕ್ಕದ ಅಳಿವೆಯಿಂದ ತೇಲಿಬಂದವೂ ಇರಬಹುದು. ಇಳಿದ ಮೇಲೂ ನೆಮ್ಮದಿಯಿಲ್ಲ, ಮೊದಲೇ ನೆಲೆಸಿದ ದೊಡ್ಡ ಹುಳುಗಳು ಕೆಸರು ಮೇಯುವಾಗ ಎಳೆಯವನ್ನೂ ನುಂಗುತ್ತವೆ. ಇಡೀ ವರ್ಷದ ಸಂಖ್ಯೆಯನ್ನು ಈ ಮೊದಲ ಕೆಲವು ವಾರಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ.

ಹುಳು ಹೆಚ್ಚಿದ್ದರೆ ಕೆಸರು ಆರೋಗ್ಯವಾಗಿದೆ ಎಂದು ತಿಳಿಯುವುದು ಸಹಜ, ಆದರೆ ಅದು ತಪ್ಪು. ಕೊಳಚೆ ಬಂದು ಬಿದ್ದಲ್ಲಿ ಕೊಳೆತ ಪದಾರ್ಥ ಹೆಚ್ಚಿ, ಆಮ್ಲಜನಕ ತೀರಿ, ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಪದರ ಮೇಲಕ್ಕೇರುತ್ತದೆ. ಆಗ ಹತ್ತಾರು ಜಾತಿಗಳು ಮಾಯವಾಗಿ, ಕ್ಯಾಪಿಟೆಲ್ಲಾ ಎಂಬ ದಾರದಂತಹ ಕೆಂಪು ಹುಳುವೊಂದೇ ಚದರ ಮೀಟರಿಗೆ ಹತ್ತಾರು ಸಾವಿರದಷ್ಟು ತುಂಬಿಕೊಳ್ಳುವುದುಂಟು. 1969ರಲ್ಲಿ ಅಮೆರಿಕದ ವೆಸ್ಟ್ ಫಾಲ್ಮತ್‌ನಲ್ಲಿ ತೈಲ ಸೋರಿದ ಮೇಲೆ ಹೀಗೆಯೇ ಆಯಿತು. ಆ ಹುಳುಗಳನ್ನು ಪರೀಕ್ಷಿಸಿದವರು, ಒಂದೇ ಜಾತಿ ಎಂದು ಭಾವಿಸಿದ್ದರಲ್ಲಿ ಆರು ಜಾತಿಗಳು ಅಡಗಿವೆ ಎಂದು 1976ರಲ್ಲಿ ತೋರಿಸಿದರು; ನೋಟಕ್ಕೆ ಒಂದೇ, ಆದರೆ ಸಂತಾನೋತ್ಪತ್ತಿಯ ರೀತಿ ಬೇರೆ ಬೇರೆ.

ಹಾಗಾಗಿ ಅಳಿವೆಯಲ್ಲಿ ಸೇತುವೆಯೋ ಜೆಟ್ಟಿಯೋ ಕಟ್ಟುವ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಕಟ್ಟಿದ ಮೇಲೆ ಸೆಪ್ಟೆಂಬರಿನಲ್ಲಿ ಒಮ್ಮೆ ಕೆಸರು ಜರಡಿ ಹಿಡಿದು ಹೋಲಿಸಿದರೆ, ಕಾಣುವ ವ್ಯತ್ಯಾಸ ಕಾಮಗಾರಿಯದೋ ಮಳೆಯದೋ ಎಂದು ಹೇಳಲು ಬರುವುದಿಲ್ಲ. ಅದನ್ನು ಬಿಡಿಸಲು, ಕಾಮಗಾರಿಯಿಲ್ಲದ ಇನ್ನೊಂದು ಅಳಿವೆಯನ್ನೂ ಜೊತೆಗಿಟ್ಟುಕೊಂಡು, ತಿಂಗಳಿಗೊಮ್ಮೆಯಂತೆ ಕೆಲವು ಮಳೆಗಾಲಗಳನ್ನಾದರೂ ದಾಟಿ ಎಣಿಸಬೇಕಾಗುತ್ತದೆ.