ಓದುಗರ ಪ್ರಶ್ನೆ: ಊರಿಗೆ ನೀರು ಸಾಲದಿದ್ದರೆ ಮೊದಲು ಹೊಸ ನೀರು ತರಬೇಕಲ್ವಾ?

"ನಗರ ಬೆಳೆಯುತ್ತಿದೆ, ನೀರು ಸಾಲುತ್ತಿಲ್ಲ. ಎಲ್ಲಕ್ಕಿಂತ ಮೊದಲು ದೂರದಿಂದಾದರೂ ಹೊಸ ನೀರು ತರಬೇಕಲ್ವಾ? ಹಳೇ ಪೈಪು, ಒಳಚರಂಡಿ ಇವನ್ನೆಲ್ಲ ಆಮೇಲೆ ನೋಡಿಕೊಂಡರಾಯಿತಲ್ಲ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪತ್ರದಲ್ಲಿ ಕೇಳುತ್ತಾರೆ, ಸಭೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಉತ್ತರ ಪ್ರತಿ ಸಲವೂ ಒಂದೇ: ಅಲ್ಲ. ಈಗ ಇರುವ ನೀರು ಎಲ್ಲಿ ಹೋಗುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಬಳಸಿದ ನೀರು ಎಲ್ಲಿಗೆ ಹೋಗಬೇಕು ಅನ್ನೋದು ಅದರ ಜೊತೆಗೇ ತೀರ್ಮಾನ ಆಗಬೇಕು. ಹೊಸ ನೀರಿನ ಮಾತು ಅದಾದ ಮೇಲೆ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ಅನುಭವದಿಂದ ಗೊತ್ತು. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಲೆಕ್ಕದಿಂದ ಶುರು ಮಾಡೋಣ. ಶುದ್ಧೀಕರಣ ಘಟಕದಿಂದ ದಿನಕ್ಕೆ 100 ಪಾಲು ನೀರು ಹೊರಡುತ್ತದೆ ಅಂದುಕೊಳ್ಳಿ. ದಾರಿಯಲ್ಲಿ 40 ಪಾಲು ಮಾಯ. ಇದು ಉತ್ಪ್ರೇಕ್ಷೆ ಅಲ್ಲ. ಹಳೇ ಪೈಪುಗಳ ಎಷ್ಟೋ ನಗರಗಳಲ್ಲಿ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಹೋಗುತ್ತದೆ. (ಇದರಲ್ಲಿ ಕಳ್ಳ ಸಂಪರ್ಕ, ಕೆಟ್ಟ ಮೀಟರುಗಳ ಪಾಲೂ ಇರುತ್ತದೆ. ಸದ್ಯಕ್ಕೆ ಎಲ್ಲವೂ ಸೋರಿಕೆ ಅಂತಲೇ ಇಟ್ಟುಕೊಳ್ಳಿ.) ಮನೆಗಳಿಗೆ ಸಿಗುವುದು 60. ಈಗ ದೂರದ ನದಿಯಿಂದ ಇನ್ನೂ 20 ಪಾಲು ತಂದಿರಿ. ಅದೇ ಪೈಪು, ಅದೇ ತೂತು. 20ರಲ್ಲಿ 8 ದಾರಿಯಲ್ಲೇ ಹೋಗಿ ಮನೆಗೆ ಸಿಗುವುದು 12. ನಿಜ ಹೇಳಬೇಕಂದರೆ 12 ಕೂಡ ಸಿಗುವುದಿಲ್ಲ. ನೀರು ಜಾಸ್ತಿ ಬಿಟ್ಟಾಗ ಪೈಪಿನಲ್ಲಿ ಒತ್ತಡ ಏರುತ್ತದೆ. ಒತ್ತಡ ಏರಿದರೆ ಅದೇ ತೂತಿನಿಂದ ಇನ್ನಷ್ಟು ನೀರು ಚಿಮ್ಮುತ್ತದೆ, ಸವೆದ ಜಾಯಿಂಟುಗಳು ಹೊಸದಾಗಿ ಬಿಟ್ಟುಕೊಳ್ಳುತ್ತವೆ.

ಅದರ ಬದಲು ಸೋರಿಕೆಯನ್ನು 40ರಿಂದ 20ಕ್ಕೆ ಇಳಿಸಿ ನೋಡಿ. ಪೂರ್ತಿ 20 ಪಾಲು ಮನೆಗೆ ಬರುತ್ತದೆ. ಹೊಸ ಶುದ್ಧೀಕರಣ ಘಟಕ ಬೇಡ, ಹೊಸ ಪಂಪು ಬೇಡ, ಯಾರ ಹೊಲದಲ್ಲೂ ಪೈಪು ಹಾಯಿಸಬೇಕಿಲ್ಲ. ಕೂಡು, ಕಳೆ ಬರುವ ಮಗುವಿಗೂ ಅರ್ಥವಾಗುವ ಲೆಕ್ಕ ಇದು. ಆದರೂ ದೊಡ್ಡ ಅಣೆಕಟ್ಟಿನ ಚಿತ್ರ ಕಣ್ಣಿಗೆ ಬಿದ್ದ ಕೂಡಲೇ ಎಲ್ಲರೂ ಇದನ್ನು ಮರೆತುಬಿಡುತ್ತಾರೆ.

ಸೋರಿಕೆ ಅಂದರೆ ರಸ್ತೆ ಮಧ್ಯೆ ಕಾರಂಜಿ ಥರ ಚಿಮ್ಮುವ ನೀರು ಅಂತ ಹಲವರು ತಿಳಿದಿದ್ದಾರೆ. ಅಂಥದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಫೋನ್ ಮಾಡುತ್ತಾರೆ, ಅದೇ ದಿನ ರಿಪೇರಿ ಆಗುತ್ತದೆ. ನಿಜವಾಗಿ ನೀರು ತಿನ್ನುವುದು ಸದ್ದಿಲ್ಲದೆ ವರ್ಷಗಟ್ಟಲೆ ಸೋರುವ ಸಣ್ಣ ತೂತು. 3 ಮಿ.ಮೀ. ತೂತು ಅಂದುಕೊಳ್ಳಿ. ಪೆನ್ಸಿಲಿನ ಅರ್ಧ ದಪ್ಪವೂ ಇಲ್ಲ. ಪೈಪಿನಲ್ಲಿ 30 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಇದ್ದರೆ ಆ ಒಂದು ತೂತಿನಿಂದ ದಿನಕ್ಕೆ ಸುಮಾರು 9,000 ಲೀಟರ್ ಹೋಗುತ್ತದೆ. ಒಬ್ಬರಿಗೆ ದಿನಕ್ಕೆ 100 ಲೀಟರ್ ಅಂತ ಹಿಡಿದರೆ 90 ಜನರ ನೀರು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಸೋರಿಕೆ ಸುಮಾರು 6,300 ಲೀಟರಿಗೆ ಇಳಿಯುತ್ತದೆ. ಒಂದು ಗುದ್ದಲಿ ಏಟೂ ಹಾಕದೆ ಇಷ್ಟು ಉಳಿತಾಯ. ಅದಕ್ಕೇ ರಾತ್ರಿ ಹೊತ್ತು ಒತ್ತಡ ತಗ್ಗಿಸುವ ವಾಲ್ವುಗಳಿಗೆ ಅಷ್ಟು ಬೆಲೆ.

ಈ ತೂತುಗಳನ್ನು ಹುಡುಕುವ ಕೆಲಸವನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ರಾತ್ರಿ 2 ಗಂಟೆ. ಊರು ಮಲಗಿದೆ. ಒಂದು ಬಡಾವಣೆಗೆ ನೀರು ಹೋಗುವ ಮೀಟರಿನ ಮುಂದೆ ಟಾರ್ಚ್ ಹಿಡಿದು ಕೂರುತ್ತೇವೆ. ಆ ಹೊತ್ತಲ್ಲಿ ಸ್ನಾನ ಇಲ್ಲ, ಪಾತ್ರೆ ಇಲ್ಲ, ಬಟ್ಟೆ ಇಲ್ಲ. ಆದರೂ ಮೀಟರ್ ಜೋರಾಗಿ ತಿರುಗುತ್ತಲೇ ಇದ್ದರೆ ಹೆಚ್ಚಿನ ಪಾಲು ಸೋರಿಕೆಯೇ. ಆಮೇಲೆ ಕೋಲು ಹೊರಗೆ ಬರುತ್ತದೆ. ಉದ್ದನೆಯ ಕಬ್ಬಿಣದ ಸಲಾಕೆ, ಮೇಲ್ತುದಿಯಲ್ಲಿ ಕಿವಿಗೆ ಹಿಡಿಯಲು ಸಣ್ಣ ಬಟ್ಟಲಿನಂಥ ಭಾಗ. ಕೆಳತುದಿಯನ್ನು ವಾಲ್ವಿನ ಮೇಲೆ ಊರಿ ಮೇಲ್ತುದಿಗೆ ಕಿವಿ ಕೊಡಬೇಕು. ಕಬ್ಬಿಣದ ಪೈಪಾದರೆ ಸೋರುವ ನೀರು ಸುಯ್ ಅನ್ನುವುದು ಕೇಳಿಸುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಶಬ್ದ ದೂರ ಹೋಗುವುದಿಲ್ಲ, ಕಷ್ಟ. ನನಗೆ ಇದನ್ನು ಕಲಿಸಿದವರು ಒಬ್ಬ ಹಿರಿಯ ಫಿಟ್ಟರ್. ನನಗೆ ಏನೂ ಕೇಳಿಸದ ಕಡೆ ಅವರು ಕಣ್ಣು ಮುಚ್ಚಿ ನಿಂತರು, ಎರಡು ಹೆಜ್ಜೆ ಮುಂದೆ ಹೋದರು, ಟಾರಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಬೆಳಿಗ್ಗೆ ಅಗೆದಾಗ ತೂತು ಆ ಗೀಟಿನಿಂದ ಒಂದು ಗೇಣು ದೂರದಲ್ಲಿತ್ತು. ರಸ್ತೆ ಮೇಲೆ ಒಂದು ಹನಿ ತೇವ ಇರಲಿಲ್ಲ. ನೀರೆಲ್ಲ ಪಕ್ಕದ ಒಡೆದ ಒಳಚರಂಡಿಗೆ ಇಳಿದು ಹೋಗುತ್ತಿತ್ತು.

"ಸೋರಿದ ನೀರು ಭೂಮಿಗೇ ತಾನೆ ಹೋಗೋದು, ಅಂತರ್ಜಲ ಆಗುತ್ತೆ" ಅನ್ನುವವರಿಗೆ ನಾನು ಈ ಗುಂಡಿಯ ಕತೆಯನ್ನೇ ಹೇಳುವುದು. ಒಂದು ಪಾಲು ಭೂಮಿಗೆ ಹೋಗಬಹುದು. ಆದರೆ ಅದು ಮಳೆನೀರಲ್ಲ. ನದಿಯಿಂದ ಎತ್ತಿ, ಸೋಸಿ, ಕ್ಲೋರಿನ್ ಹಾಕಿ, ಮೈಲುಗಟ್ಟಲೆ ಪಂಪ್ ಮಾಡಿ ತಂದ ನೀರು. ಅದನ್ನು ಮಣ್ಣಿಗೆ ಸುರಿದು ಮತ್ತೆ ಬೋರ್‌ವೆಲ್ಲಿನಿಂದ ಎತ್ತುವುದು ಯಾವ ಸೀಮೆಯ ಉಳಿತಾಯ?

ಇನ್ನೂ ಗಂಭೀರವಾದ ಮಾತು ಬೇರೆ ಇದೆ. ನೀರು ಹೊರಗೆ ಹೋಗುವ ತೂತಿನಿಂದ ಕೊಳಚೆ ಒಳಗೂ ಬರುತ್ತದೆ. ಪೈಪಿನಲ್ಲಿ ಒತ್ತಡ ಇರುವವರೆಗೆ ತೊಂದರೆ ಇಲ್ಲ. ಸರಬರಾಜು ನಿಲ್ಲಿಸಿದಿರೋ, ಪೈಪು ಖಾಲಿಯಾಗಿ ಸುತ್ತಲಿನ ಕೊಳಕನ್ನು ಎಳೆದುಕೊಳ್ಳುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೆಲವು ನಿಮಿಷ ನಲ್ಲಿಯಲ್ಲಿ ಬರುವ ಕಂದು ನೀರು ಇದೆಯಲ್ಲ, ಅದರಲ್ಲಿರುವುದು ಬರೀ ತುಕ್ಕಲ್ಲ.

"ದಿನ ಬಿಟ್ಟು ದಿನ ನೀರು ಬಿಟ್ಟರೆ ನೀರು ಉಳಿಯುತ್ತೆ" ಅನ್ನುವ ನಂಬಿಕೆಯೂ ಇಲ್ಲೇ ಬೀಳುತ್ತದೆ. ಬರಗಾಲದಲ್ಲಿ ಬೇರೆ ದಾರಿಯೇ ಇಲ್ಲದಾಗ ಹಾಗೆ ಮಾಡಬೇಕಾಗಬಹುದು. ಆದರೆ ಅದನ್ನೇ ಪದ್ಧತಿ ಮಾಡಿಕೊಂಡರೆ ಏನಾಗುತ್ತದೆ ನೋಡಿ. ನೀರು ಯಾವಾಗ ಬರುತ್ತದೋ ಅಂತ ನಲ್ಲಿ ತೆರೆದೇ ಇಡುತ್ತಾರೆ. ಹಿಡಿದಿಟ್ಟ ನೀರನ್ನು ಹೊಸ ನೀರು ಬಂದ ದಿನ ಚೆಲ್ಲುತ್ತಾರೆ. ಖಾಲಿ ಪೈಪಿಗೆ ನೀರು ನುಗ್ಗುವಾಗ ಮುಂದಿನ ಗಾಳಿ ಮೀಟರನ್ನು ಗಿರ್ರನೆ ತಿರುಗಿಸುತ್ತದೆ, ಆ ಬಡಿತಕ್ಕೆ ಜಾಯಿಂಟುಗಳು ಸಡಿಲ ಆಗುತ್ತವೆ. ಟ್ಯಾಂಕು ಇರುವವರು ತುಂಬಿಸಿಕೊಳ್ಳುತ್ತಾರೆ, ಬರೀ ಬಿಂದಿಗೆ ಇರುವವರು ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನೊಂದು ಇದೆ: ರಾತ್ರಿ ಪೈಪಿನಲ್ಲಿ ನೀರೇ ಇಲ್ಲದಿದ್ದರೆ 2 ಗಂಟೆಗೆ ಕೋಲು ಹಿಡಿದು ಹೋಗಿ ಕೇಳುವುದಾದರೂ ಏನನ್ನು?

"ಇದೆಲ್ಲ ಹೇಳೋಕೆ ಚೆನ್ನ, ಮಾಡಿದವರು ಯಾರು?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕಾಂಬೋಡಿಯಾದ ನೋಮ್ ಪೆನ್ ಮಾಡಿದೆ. 1993ರಲ್ಲಿ ಆ ನಗರ ಯುದ್ಧದಿಂದ ಜರ್ಜರಿತ ಆಗಿತ್ತು. ತಯಾರಾದ ನೀರಿನಲ್ಲಿ ಶೇ. 72 ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಐವರಲ್ಲಿ ಒಬ್ಬರಿಗೆ ಮಾತ್ರ ಕೊಳಾಯಿ ನೀರು, ಅದೂ ದಿನಕ್ಕೆ ಸುಮಾರು 10 ಗಂಟೆ. ಆ ವರ್ಷ ಜಲಮಂಡಳಿಯ ಹೊಣೆ ಹೊತ್ತವರು ಎಕ್ ಸೋನ್ ಚಾನ್ ಅನ್ನುವ ಎಂಜಿನಿಯರ್. ಅವರು ಮನೆ ಮನೆ ಎಣಿಸಿದರು, ಮೀಟರ್ ಹಾಕಿಸಿದರು, ಕಳ್ಳ ಸಂಪರ್ಕ ಕಿತ್ತರು, ಹಳೇ ಪೈಪು ಬದಲಿಸಿದರು, ಸೋರಿಕೆ ಹುಡುಕಲು ರಾತ್ರಿ ಹಗಲು ತಂಡಗಳನ್ನು ಇಟ್ಟರು. ಮೀಟರ್ ಹಾಕಲು ಹೋದಾಗ ಸೇನೆಯ ದೊಡ್ಡ ಅಧಿಕಾರಿಯೊಬ್ಬ ಅವರ ತಲೆಗೆ ಬಂದೂಕು ಹಿಡಿದಿದ್ದ. ಆದರೂ ಮೀಟರ್ ಬಂತು. ಎರಡು ದಶಕ ತುಂಬುವ ಮೊದಲೇ ಆ 72 ಸುಮಾರು 6ಕ್ಕೆ ಇಳಿದಿತ್ತು, ನೀರು ದಿನದ 24 ಗಂಟೆಯೂ ಬರುತ್ತಿತ್ತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೊಸ ಘಟಕಗಳನ್ನೂ ಅವರು ಕಟ್ಟಿದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ನೀರು ಹರಿದದ್ದು ಸರಿಮಾಡಿದ ಪೈಪುಗಳಲ್ಲಿ. ಅದೇ ವ್ಯತ್ಯಾಸ.

ಅಷ್ಟು ಒಳ್ಳೆಯ ಕೆಲಸ ಮಾಡಿದ ಆ ನಗರದಲ್ಲೂ ಒಂದು ಕೊರತೆ ಉಳಿಯಿತು. ಕೊಳಚೆ ನೀರು ಬಹುಕಾಲ ಶುದ್ಧೀಕರಣ ಇಲ್ಲದೆ ಊರಂಚಿನ ಜೌಗು ಕೆರೆಗಳಿಗೇ ಹರಿಯಿತು. ಪ್ರಶ್ನೆಯ ಇನ್ನರ್ಧ ಇಲ್ಲಿದೆ. ಮನೆಗೆ ಬಂದ ನೀರು ಮನೆಯಲ್ಲೇ ಇರುವುದಿಲ್ಲ. ಬಳಸಿದ್ದರಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ ದಿನಕ್ಕೆ 10 ಕೋಟಿ ಲೀಟರ್ ಹೊಸ ನೀರು ಮನೆಗಳಿಗೆ ತಲುಪಿಸಿದ ದಿನವೇ 8 ಕೋಟಿ ಲೀಟರ್ ಹೊಸ ಕೊಳಚೆಯನ್ನೂ ತಂದ ಹಾಗೆ. ಒಳಚರಂಡಿ ಆಮೇಲೆ ನೋಡೋಣ ಅಂದರೆ ಆ 8 ಕೋಟಿ ಲೀಟರ್ ಕಾಯುತ್ತಾ ಕೂರುವುದಿಲ್ಲ.

ಲಂಡನ್ ಇದನ್ನು ಹೆಣ ಎಣಿಸುತ್ತಾ ಕಲಿಯಿತು. 19ನೇ ಶತಮಾನದ ಮೊದಲರ್ಧದಲ್ಲಿ ಮನೆಗಳಿಗೆ ಕೊಳಾಯಿ ಬಂತು, ಹಿಂದೆಯೇ ಫ್ಲಶ್ ಇರುವ ಕಕ್ಕಸು ಬಂತು. ಗುಂಡಿಗಳು ತುಂಬಿ ಉಕ್ಕಿದವು. ಮಳೆನೀರಿಗೆ ಅಂತ ಕಟ್ಟಿದ ಚರಂಡಿಗಳಲ್ಲಿ ಎಲ್ಲವೂ ಥೇಮ್ಸ್ ನದಿ ಸೇರಿತು. ಎಷ್ಟೋ ಜನ ಕುಡಿಯುತ್ತಿದ್ದದ್ದೂ ಅದೇ ನದಿಯ ನೀರು. ಕಾಲರಾ ಮತ್ತೆ ಮತ್ತೆ ಬಂತು. 1858ರ ಬೇಸಿಗೆಯಲ್ಲಿ ನಾತ ಪಾರ್ಲಿಮೆಂಟಿನ ಕಿಟಕಿಯೊಳಗೆ ನುಗ್ಗಿದ ಮೇಲೆಯೇ ಜೋಸೆಫ್ ಬ್ಯಾಜಲ್ಜೆಟ್ ಅನ್ನುವ ಎಂಜಿನಿಯರಿಗೆ ದೊಡ್ಡ ಒಳಚರಂಡಿ ಕಟ್ಟಲು ಹಣ ಸಿಕ್ಕಿತು.

ಹಾಗಾದರೆ ಹೊಸ ನೀರು ಬೇಡವೇ ಬೇಡವಾ? ಬೇಕಾಗಬಹುದು. ಮೀಟರುಗಳು ಕೂತು, ಸೋರಿಕೆ ಎಷ್ಟು ಅಂತ ಊಹೆ ಅಲ್ಲದ ಅಂಕಿ ಕೈಯಲ್ಲಿದ್ದು, ಅದನ್ನು ಇಳಿಸುವ ಕೆಲಸ ನಡೆಯುತ್ತಿದ್ದೂ ಮುಂದಿನ 20-30 ವರ್ಷದ ಜನಸಂಖ್ಯೆಗೆ ಸಾಲುವುದಿಲ್ಲ ಅಂತ ಕಂಡರೆ ಖಂಡಿತ ತನ್ನಿ. ತರುವ ಯೋಜನೆಗೆ ವರ್ಷಗಳೇ ಹಿಡಿಯುವುದರಿಂದ ಸಮೀಕ್ಷೆಯನ್ನು ಈಗಲೇ ಶುರು ಮಾಡಿದರೂ ತಪ್ಪಲ್ಲ. ಶುದ್ಧೀಕರಿಸಿದ ಕೊಳಚೆ ನೀರನ್ನೂ ಹೊಸ ನೀರು ಅಂತಲೇ ಎಣಿಸಿ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದ ಅದನ್ನು ಕುಡಿಯುವ ನೀರಿಗೇ ಬಳಸುತ್ತಿದೆ.

ಬ್ಯಾಜಲ್ಜೆಟ್ ಹೆಸರು ಬಂತಲ್ಲ, ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು: ಒಳಚರಂಡಿಯ ಯೋಜನೆಯನ್ನು ಎಲ್ಲಿಂದ ಶುರು ಮಾಡಬೇಕು?

ಅತಿ ತಗ್ಗಿನ ಜಾಗದಿಂದ. ಕುಡಿಯುವ ನೀರಿನ ಪೈಪಿಗೆ ಒತ್ತಡ ಇರುತ್ತದೆ, ಗುಡ್ಡ ಹತ್ತು ಅಂದರೆ ಹತ್ತುತ್ತದೆ. ಕೊಳಚೆ ಹಾಗಲ್ಲ. ಅದು ತನ್ನಷ್ಟಕ್ಕೆ ಇಳಿದು ಹೋಗಬೇಕು, ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ. ಅದಕ್ಕಿಂತ ನಿಧಾನ ಆದರೆ ಮರಳು, ಮಲ ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. 150 ಮಿ.ಮೀ. ಪೈಪಿನಲ್ಲಿ ಆ ವೇಗ ಬರಬೇಕಂದರೆ ಸುಮಾರು 200 ಮೀಟರಿಗೆ 1 ಮೀಟರ್ ಇಳಿಜಾರು ಬೇಕು. ಸಮತಟ್ಟು ನೆಲದಲ್ಲಿ ಹಾಗೇ 2 ಕಿಲೋಮೀಟರ್ ಹೋದರೆ ಪೈಪು 10 ಮೀಟರ್ ಆಳಕ್ಕೆ ಇಳಿದಿರುತ್ತದೆ, ಮೂರಂತಸ್ತಿನ ಮನೆ ಮುಳುಗುವಷ್ಟು. ಪೈಪು ದೊಡ್ಡದಾದಂತೆ ಕಡಿಮೆ ಇಳಿಜಾರು ಸಾಕು ನಿಜ, ಆದರೂ ಎಲ್ಲೋ ಒಂದು ಕಡೆ ಕೊಳಚೆಯನ್ನು ಮೇಲೆತ್ತಲೇ ಬೇಕು. ಲಂಡನ್ನಿನಲ್ಲೂ 1865ರಲ್ಲಿ ಕ್ರಾಸ್ನೆಸ್, 1868ರಲ್ಲಿ ಆಬ್ಬಿ ಮಿಲ್ಸ್ ಪಂಪ್ ಮನೆಗಳು ಎದ್ದದ್ದು ಇದೇ ಕಾರಣಕ್ಕೆ.

ಮನೆಗಳು ಮೊದಲು ಎದ್ದು ಚರಂಡಿ ಆಮೇಲೆ ಬಂದ ಬಡಾವಣೆಯಲ್ಲಿ ಈ ತಗ್ಗಿನ ಜಾಗದಲ್ಲೇ ಯಾರದೋ ಮನೆ ನಿಂತಿರುತ್ತದೆ. ಆಗ ಪಂಪ್ ಮನೆಯನ್ನು ಸಿಕ್ಕ ಕಡೆ ಕಟ್ಟುತ್ತಾರೆ, ಅದಕ್ಕಿಂತ ತಗ್ಗಿನ ಎರಡು ಬೀದಿಗಳ ಕೊಳಚೆ ಯಾವತ್ತಿಗೂ ಅದರ ಕಡೆ ಹರಿಯುವುದಿಲ್ಲ. ಆದ್ದರಿಂದ ನಗರದ ನಕ್ಷೆ ಬರೆಯುವ ಮೊದಲ ದಿನವೇ ಆ ಜಾಗಕ್ಕೆ ಬೇಲಿ ಹಾಕಿಸಿ. ಜೊತೆಗೆ ಜನರೇಟರಿಗೂ ಜಾಗ ಬಿಡಿಸಿ. ಚಾವಣಿಯ ಮಳೆನೀರನ್ನು ಒಳಚರಂಡಿಗೆ ಸೇರಿಸಿದ ಮನೆಗಳು ಎಲ್ಲ ಊರಲ್ಲೂ ಇರುತ್ತವೆ, ಜೋರು ಮಳೆಯಲ್ಲಿ ಕೊಳಚೆ ಎರಡು ಮೂರು ಪಟ್ಟು ಉಕ್ಕಿ ಬರುತ್ತದೆ. ಕರೆಂಟು ಹೋಗುವುದೂ ಸಾಮಾನ್ಯವಾಗಿ ಅದೇ ಹೊತ್ತಿಗೆ. ಪಂಪು ನಿಂತರೆ ಅದು ಮೊದಲು ಉಕ್ಕುವುದು ತಗ್ಗಿನ ಬೀದಿಯ ನೆಲಮಹಡಿಯ ಬಚ್ಚಲಿನಲ್ಲಿ.