ಮರಿ ಬೆಳೆಯುತ್ತದೆಂದು ಈಗಲೇ ದೊಡ್ಡ ಕ್ರೇಟ್ ತರಬಹುದೇ?

ಪ್ರಶ್ನೆ: ನಮ್ಮ ಮನೆಗೆ ಮೂರು ತಿಂಗಳ ಲ್ಯಾಬ್ರಡಾರ್ ಮರಿ ಬಂದಿದೆ. ಹೇಗಿದ್ದರೂ ದೊಡ್ಡದಾಗಿ ಬೆಳೆಯುವ ತಳಿ, ಈಗಲೇ ದೊಡ್ಡ ಕ್ರೇಟ್ (ನಾಯಿಯನ್ನು ಮಲಗಿಸುವ, ಬಾಗಿಲಿರುವ ಗೂಡು) ತಂದುಬಿಟ್ಟರೆ ಮತ್ತೊಮ್ಮೆ ಕೊಳ್ಳುವ ತಾಪತ್ರಯ ತಪ್ಪುತ್ತದೆ, ಮರಿಗೂ ಓಡಾಡಲು ಜಾಗ ಸಿಗುತ್ತದೆ ಎಂಬುದು ಮನೆಯವರ ಅಭಿಪ್ರಾಯ. ಇದು ಸರಿಯೇ? ಕ್ರೇಟಿನ ಪೆಟ್ಟಿಗೆಯ ಮೇಲೆ ಬರೆದಿರುವ ನಾಯಿಯ ತೂಕವನ್ನು ನೋಡಿ ಆರಿಸಿದರೆ ಸಾಕೇ?

ಉತ್ತರ: ದೊಡ್ಡ ಕ್ರೇಟನ್ನು ಈಗಲೇ ತರಬಹುದು, ಆದರೆ ಅದನ್ನು ಇಡಿಯಾಗಿ ಮರಿಗೆ ಬಿಟ್ಟುಕೊಡಬಾರದು. ತೂಕ ನೋಡಿ ಆರಿಸುವ ವಿಷಯದಲ್ಲಂತೂ ಪೆಟ್ಟಿಗೆಯ ಮೇಲಿನ ಬರಹಕ್ಕಿಂತ ನಿಮ್ಮ ಕೈಯಲ್ಲಿರುವ ಅಳತೆ ಟೇಪನ್ನೇ ನಂಬುವುದು ಮೇಲು.

ಕ್ರೇಟ್ ಎಂದರೆ ಓಡಾಡುವ ಅಂಗಳವಲ್ಲ, ಮಲಗುವ ಜಾಗ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ತಾನಾಗಿ ಸರಿಹೋಗುತ್ತದೆ. ತಾವು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳದಿರುವುದು ನಾಯಿಗಳ ಸಹಜ ಸ್ವಭಾವ. ಕಾಲಿಗೆ ಸ್ವಲ್ಪ ಬಲ ಬರುತ್ತಿದ್ದಂತೆಯೇ ಮರಿಗಳು ತಾಯಿಯ ಮಗ್ಗುಲು ಬಿಟ್ಟು ದೂರ ಹೋಗಿ ಮೂತ್ರ ಮಾಡಲು ತೊಡಗುತ್ತವೆ. ಕ್ರೇಟಿನ ನೆರವಿನಿಂದ ಮರಿಗೆ ಮನೆಯ ಶುಚಿತ್ವವನ್ನು ಕಲಿಸುವುದೆಲ್ಲ ಈ ಒಂದು ಸ್ವಭಾವದ ಮೇಲೆಯೇ ನಿಂತಿದೆ. ಮೂರು ತಿಂಗಳ ಮರಿಯನ್ನು ದೊಡ್ಡ ನಾಯಿಯ ಕ್ರೇಟಿಗೆ ಬಿಟ್ಟರೆ, ಅದು ಒಂದು ಮೂಲೆಯನ್ನು ಹಾಸಿಗೆ ಮಾಡಿಕೊಂಡು ಎದುರಿನ ಮೂಲೆಯನ್ನು ಶೌಚಕ್ಕೆ ಇಟ್ಟುಕೊಳ್ಳುತ್ತದೆ. ಅದರ ದೃಷ್ಟಿಯಲ್ಲಿ ಅದು ಯಾವ ತಪ್ಪನ್ನೂ ಮಾಡಿಲ್ಲ. ಒಮ್ಮೆ ಈ ಅಭ್ಯಾಸ ಅಂಟಿದರೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಇನ್ನು ತೀರ ಚಿಕ್ಕ ಕ್ರೇಟಿನ ತೊಂದರೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ: ನಾಯಿ ತಲೆ ತಗ್ಗಿಸಿ ನಿಲ್ಲುತ್ತದೆ, ಬೆನ್ನು ಬಾಗಿಸಿ ಕೂರುತ್ತದೆ, ಕ್ರಮೇಣ ಒಳಗೆ ಹೋಗಲೇ ಒಪ್ಪುವುದಿಲ್ಲ. ತಲೆ ತಗ್ಗಿಸದೆ ನಿಲ್ಲಲು, ಎಲ್ಲೂ ಸಿಕ್ಕಿಕೊಳ್ಳದೆ ಒಂದು ಸುತ್ತು ತಿರುಗಲು, ಮಗ್ಗುಲಾಗಿ ಕಾಲು ಚಾಚಿ ಮಲಗಲು ಆಗಬೇಕು. ಇಷ್ಟಕ್ಕೆ ಸಾಲುವ ಜಾಗವೇ ಸರಿಯಾದ ಅಳತೆ.

ಅಳೆಯಬೇಕಾದದ್ದು ಎರಡನ್ನು. ನಾಯಿ ನಾಲ್ಕೂ ಕಾಲಿನ ಮೇಲೆ ನೇರವಾಗಿ ನಿಂತಿರುವಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ ಮೊದಲನೆಯದು; ಬಾಲದ ತುದಿಯವರೆಗೆ ಅಳೆದರೆ ಕ್ರೇಟ್ ವೃಥಾ ದೊಡ್ಡದಾಗುತ್ತದೆ, ಏಕೆಂದರೆ ಬಾಲ ಮಡಚಿಕೊಳ್ಳುತ್ತದೆ, ಬೆನ್ನುಮೂಳೆ ಮಡಚುವುದಿಲ್ಲ. ಎರಡನೆಯದು, ನಾಯಿ ಕುಳಿತಿರುವಾಗ ನೆಲದಿಂದ ನೆತ್ತಿಯವರೆಗಿನ ಎತ್ತರ. ಕುಳಿತಾಗಲೇ ಏಕೆ ಎಂದರೆ, ಮುಂಗಾಲೂರಿ ಎದೆಯೆತ್ತಿ ಕುಳಿತ ಎಷ್ಟೋ ನಾಯಿಗಳ ತಲೆ ಆರಾಮವಾಗಿ ನಿಂತಾಗಿನದಕ್ಕಿಂತ ಮೇಲಿರುತ್ತದೆ. ನಿಮ್ಮ ನಾಯಿ ನಿಂತಾಗಲೇ ತಲೆಯನ್ನು ಹೆಚ್ಚು ಎತ್ತರಕ್ಕೆ ಹಿಡಿಯುವಂಥದ್ದಾದರೆ ಆ ಎತ್ತರವನ್ನೇ ತೆಗೆದುಕೊಳ್ಳಿ. ಜರ್ಮನ್ ಶೆಫರ್ಡ್‌ನಂತೆ ಕಿವಿ ನಿಮಿರಿರುವ ನಾಯಿಯಾದರೆ ಕಿವಿಯ ತುದಿಯವರೆಗೆ ಅಳೆಯಬೇಕು. ಎರಡಕ್ಕೂ 2ರಿಂದ 4 ಇಂಚು, ಅಂದರೆ 5ರಿಂದ 10 ಸೆಂಟಿಮೀಟರ್ ಸೇರಿಸಿದರೆ ಕ್ರೇಟಿನ ಒಳಗಿನ ಉದ್ದವೂ ಎತ್ತರವೂ ಸಿಗುತ್ತವೆ. ಪುಟ್ಟ ನಾಯಿಗೆ 2 ಇಂಚು ಸಾಕು. ದೊಡ್ಡ ನಾಯಿಗೆ 4 ಇಂಚು ಬೇಕು. ಅಗಲವನ್ನು ಬೇರೆಯಾಗಿ ಲೆಕ್ಕ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಉದ್ದಕ್ಕೆ ತಕ್ಕ ಅಗಲವನ್ನು ತಯಾರಕರೇ ಇಟ್ಟಿರುತ್ತಾರೆ.

ಹೇಳಿದಷ್ಟು ಸಲೀಸಾಗಿ ಅಳೆಯಲು ಮಾತ್ರ ಆಗುವುದಿಲ್ಲ. ಟೇಪು ಬಿಚ್ಚಿದ ಕ್ಷಣವೇ ಮರಿ ಅದನ್ನು ಮೂಸಲು ತಿರುಗುತ್ತದೆ, ಮೂಗಿನ ಹತ್ತಿರ ತಂದರೆ ಕಚ್ಚುತ್ತದೆ, ಕೂರು ಎಂದರೆ ಮಲಗುತ್ತದೆ. ಒಬ್ಬರು ಮೂಗಿನ ಮಟ್ಟದಲ್ಲಿ ತಿನಿಸು ಹಿಡಿದು ಮರಿಯನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿ, ಇನ್ನೊಬ್ಬರು ಮೂಗಿನ ನೇರಕ್ಕೊಂದು, ಬಾಲದ ಬುಡದ ನೇರಕ್ಕೊಂದು ಪೆನ್ಸಿಲ್ ಗುರುತು ಹಾಕಿ, ಮರಿ ಆಚೆ ಹೋದ ಮೇಲೆ ಗೋಡೆಯನ್ನು ಅಳೆಯುವುದು ನಾನು ಕಂಡ ಸುಲಭದ ದಾರಿ. ಎತ್ತರಕ್ಕೆ ಮರಿಯನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಮಕ್ಕಳ ಎತ್ತರ ನೋಡುವಂತೆ ತಲೆಯ ಮೇಲೆ ಒಂದು ಪುಸ್ತಕವನ್ನು ಅಡ್ಡಲಾಗಿ ಹಿಡಿದು ಅದರ ಅಡಿಗೆ ಗೆರೆ ಎಳೆದರೆ ಆಯಿತು. ಎರಡು ಸಲ ಅಳೆದು ಹೆಚ್ಚಿನದನ್ನು ಇಟ್ಟುಕೊಳ್ಳಿ.

ತೂಕ ಏಕೆ ಸಾಲದು ಎಂಬುದಕ್ಕೆ ಎರಡು ತಳಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. 24 ಕಿಲೋ ತೂಗುವ ಬುಲ್‌ಡಾಗ್ ಗಿಡ್ಡ, ಅಗಲ, ನೆಲಕ್ಕೆ ಹತ್ತಿರ. ಅಷ್ಟೇ ತೂಗುವ ಡಾಲ್ಮೇಷಿಯನ್ ಉದ್ದ ಕಾಲಿನ, ಎತ್ತಿದ ಕತ್ತಿನ ನಾಯಿ. ಒಂದೇ ಕ್ರೇಟ್ ಇವೆರಡಕ್ಕೂ ಹೊಂದಲಾರದು. ಡ್ಯಾಕ್ಸ್‌ಹುಂಡ್‌ಗೆ ಎತ್ತರ ಎಷ್ಟು ಕಡಿಮೆ ಸಾಕೋ ಉದ್ದ ಅಷ್ಟೇ ಹೆಚ್ಚು ಬೇಕು. ಒಂದೇ ತಳಿಯಲ್ಲಿ ಗಂಡು ಹೆಣ್ಣಿನ ಅಳತೆಯೂ ಬೇರೆಯಾಗುತ್ತದೆ, ಮಿಶ್ರ ತಳಿಯ ನಾಯಿಗಳಿಗಂತೂ ಯಾವ ಪಟ್ಟಿಯೂ ಇಲ್ಲ.

ಪೇಟೆಯಲ್ಲಿ ಸಿಗುವ ತಂತಿಯ ಕ್ರೇಟುಗಳನ್ನು ಉದ್ದದ ಮೇಲೆ ಗುರುತಿಸುವುದು ವಾಡಿಕೆ: 24, 30, 36, 42, 48 ಇಂಚು. 42 ಇಂಚಿನದಕ್ಕೆ ಸುಮಾರು 28 ಇಂಚು ಅಗಲ, 30 ಇಂಚು ಎತ್ತರ ಇರುತ್ತದೆ. ಬೆಳೆದ ಲ್ಯಾಬ್ರಡಾರ್ ಒಂದರ ಉದ್ದ 36 ಇಂಚು, ಕುಳಿತ ಎತ್ತರ 26 ಇಂಚು ಎಂದಿಟ್ಟುಕೊಂಡರೆ, ಬೇಕಾದದ್ದು 40 ಇಂಚು ಉದ್ದ, 30 ಇಂಚು ಎತ್ತರ. ಅದಕ್ಕೆ 42ರದು ಹೊಂದುತ್ತದೆ. ಬೆಳೆದ ನಾಯಿಯ ಅಳತೆ ಎರಡು ಗಾತ್ರಗಳ ನಡುವೆ ಬಂದರೆ ದೊಡ್ಡದನ್ನೇ ಆರಿಸಬೇಕು. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಹೆಚ್ಚಾಗಿ ಹೊರಗಿನ ಅಳತೆ. ತಂತಿಯ ಕ್ರೇಟಿನಲ್ಲಿ ಒಳಗಿಗೂ ಹೊರಗಿಗೂ ವ್ಯತ್ಯಾಸ ಅಲ್ಪ. ಪ್ಲಾಸ್ಟಿಕ್ಕಿನದರಲ್ಲಿ ಗೋಡೆಗಳು ಓರೆಯಾಗಿರುವುದರಿಂದ ತಳದಲ್ಲಿ ಕೆಲವು ಇಂಚುಗಳೇ ಕಡಿಮೆಯಾಗುತ್ತವೆ, ನಾಯಿ ಮಲಗುವುದು ಆ ತಳದಲ್ಲಿಯೇ. ಹಾಸಿಗೆಯ ದಪ್ಪವನ್ನೂ ಕಳೆಯಬೇಕು. ಇದನ್ನು ನಾನು ಕಲಿತದ್ದು ಎಡವಿ: ಅಳತೆಯೆಲ್ಲ ಸರಿಯಾಗಿ ಹಾಕಿ ತಂದ ಕ್ರೇಟಿಗೆ 3 ಇಂಚಿನ ಸ್ಪಂಜಿನ ಹಾಸಿಗೆ ಹಾಕಿದ ರಾತ್ರಿ, ಎದ್ದು ಕುಳಿತ ನಾಯಿಯ ಕಿವಿಗಳೆರಡೂ ಮೇಲಿನ ತಂತಿಗೆ ತಗಲಿ ಮಡಚಿಕೊಂಡಿದ್ದವು, ಅದು ನನ್ನನ್ನು ನೋಡುತ್ತ ಹಾಗೆಯೇ ಕುಳಿತಿತ್ತು. ಮರುದಿನ ಸ್ಪಂಜು ಹೋಗಿ ತೆಳು ಜಮಖಾನ ಬಂತು.

ಈಗ ನಿಮ್ಮ ಮರಿಯ ವಿಷಯ. ಬೆಳೆದ ಮೇಲಿನ ಅಳತೆಯ ತಂತಿಯ ಕ್ರೇಟನ್ನು, ಒಳಗೆ ಅಡ್ಡಲಾಗಿ ಸಿಕ್ಕಿಸುವ ಡಿವೈಡರ್ ಸಮೇತ ಕೊಳ್ಳಿ. ಈಗ ಮರಿಯ ಉದ್ದಕ್ಕೆ ಕೆಲವೇ ಇಂಚು ಸೇರಿಸಿ ಡಿವೈಡರ್ ಹಾಕಿ, ಮರಿ ಬೆಳೆದಂತೆ ಹಿಂದಕ್ಕೆ ಸರಿಸುತ್ತ ಹೋಗಿ. ಲ್ಯಾಬ್ರಡಾರ್ ಮರಿ ಈ ವಯಸ್ಸಿನಲ್ಲಿ ಬೆಳೆಯುವ ವೇಗಕ್ಕೆ ಎರಡು ವಾರಕ್ಕೊಮ್ಮೆಯಾದರೂ ಅಳೆದು ನೋಡುವುದು ಒಳ್ಳೆಯದು. ಕೆಲವರು ಡಿವೈಡರ್ ಬದಲು ರಟ್ಟಿನ ಪೆಟ್ಟಿಗೆಯನ್ನೋ ದಿಂಬನ್ನೋ ತುರುಕುತ್ತಾರೆ. ಹಲ್ಲು ಬರುವ ವಯಸ್ಸಿನ ಮರಿ ಅದನ್ನು ಕಚ್ಚಿ ಚೂರು ಮಾಡಿ ನುಂಗುವ ಅಪಾಯವಿದೆ. ಎಷ್ಟು ಎತ್ತರ ಬೆಳೆದೀತು ಎಂಬುದಕ್ಕೆ ತಾಯಿ ತಂದೆಯನ್ನು ನೋಡಿ ಬಂದಿದ್ದರೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಪುಟ್ಟ ತಳಿಗಳ ಬೆಳವಣಿಗೆ ವರ್ಷದೊಳಗೆ ಮುಗಿಯುತ್ತದೆ, ದೊಡ್ಡವು 12ರಿಂದ 18 ತಿಂಗಳು ತೆಗೆದುಕೊಳ್ಳುತ್ತವೆ, ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳಿಗೆ ಎರಡು ವರ್ಷವೂ ಬೇಕಾಗಬಹುದು.

ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಮರಿಯ ಮೂತ್ರಕೋಶಕ್ಕೊಂದು ಮಿತಿಯಿದೆ. ತಿಂಗಳುಗಳಲ್ಲಿ ಎಣಿಸಿದ ವಯಸ್ಸಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ ಅದು ಹೆಚ್ಚೆಂದರೆ ತಡೆದುಕೊಂಡೀತು ಎಂಬುದು ಸಾಕುವವರ ನಡುವಿನ ರೂಢಿಯ ಲೆಕ್ಕ. ಅದರಂತೆ ನಿಮ್ಮ ಮರಿಗೆ ನಾಲ್ಕು ಗಂಟೆ, ಅದೂ ಗರಿಷ್ಠ. ಹಗಲಿನಲ್ಲಿ ಅದಕ್ಕೆ ಬಹಳ ಮುಂಚೆಯೇ ಹೊರಗೆ ಕರೆದೊಯ್ಯಬೇಕು. ಸಮಯ ಮೀರಿ ಒಳಗಿಟ್ಟು, ಒದ್ದೆ ಮಾಡಿತೆಂದು ಕ್ರೇಟಿನ ಅಳತೆಯನ್ನು ದೂರುವುದು ನ್ಯಾಯವಲ್ಲ.

ಮನೆಯ ಕ್ರೇಟನ್ನೇ ಪ್ರಯಾಣಕ್ಕೂ ಬಳಸುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ, ಅಲ್ಲಿನ ಲೆಕ್ಕವೇ ಬೇರೆ. ಕಾರಿನಲ್ಲಿ ಹೆಚ್ಚು ಜಾಗ ಅನುಕೂಲವಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ನಾಯಿ ಎಷ್ಟು ದೂರ ಎಸೆಯಲ್ಪಡುತ್ತದೆಯೋ ಪೆಟ್ಟು ಅಷ್ಟು ಬಲವಾಗಿರುತ್ತದೆ, ಆದ್ದರಿಂದ ನಿಂತು, ತಿರುಗಿ, ಮಲಗಲು ಸಾಲುವಷ್ಟೇ ಇರುವ, ವಾಹನಕ್ಕೆ ಭದ್ರವಾಗಿ ಬಿಗಿದ ಗಟ್ಟಿ ಕ್ರೇಟ್ ಬೇಕು. ಮಡಚುವ ತಂತಿಯ ಕ್ರೇಟ್ ಡಿಕ್ಕಿಯ ಹೊಡೆತವನ್ನು ತಡೆಯಲು ಮಾಡಿದ್ದಲ್ಲ.

ವಿಮಾನಕ್ಕೆ ಇದಕ್ಕೆ ವಿರುದ್ಧವಾಗಿ ಉದಾರವಾದ ಅಳತೆ ಕೇಳುತ್ತಾರೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ, ಅಂದರೆ ಐಎಟಿಎಯ, ಜೀವಂತ ಪ್ರಾಣಿಗಳ ಸಾಗಣೆಯ ನಿಯಮದಂತೆ ಪೆಟ್ಟಿಗೆಯ ಉದ್ದವು ಮೂಗಿನಿಂದ ಬಾಲದ ಬುಡದವರೆಗಿನ ಅಳತೆಗೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಸೇರಿಸಿದಷ್ಟಿರಬೇಕು. ಅಗಲವು ಹೆಗಲಿನ ಅಗಲದ ಎರಡರಷ್ಟು. ಎತ್ತರವು ನಿಂತ ನಾಯಿಯ ನೆತ್ತಿ ಅಥವಾ ಕಿವಿಯ ತುದಿ, ಯಾವುದು ಹೆಚ್ಚೋ ಅದಕ್ಕೆ ಹಾಸಿನ ದಪ್ಪವನ್ನು ಕೂಡಿಸಿದಷ್ಟು. ಉದ್ದ 90, ಮೊಣಕೈ 34, ಹೆಗಲು 26 ಸೆಂಟಿಮೀಟರ್ ಇರುವ ನಾಯಿಗೆ ಆ ಲೆಕ್ಕದಲ್ಲಿ 107 ಸೆಂಟಿಮೀಟರ್ ಉದ್ದ, 52 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಬೇಕಾಗುತ್ತದೆ. ಪಗ್, ಬುಲ್‌ಡಾಗ್‌ನಂಥ ಮೊಂಡು ಮೂತಿಯ ನಾಯಿಗಳಿಗೆ ಉಸಿರಾಟದ ತೊಂದರೆ ಇರುವುದರಿಂದ ಶೇ. 10ರಷ್ಟು ದೊಡ್ಡ ಪೆಟ್ಟಿಗೆ ಬೇಕು. ವಿಮಾನ ಸಂಸ್ಥೆಗಳು ತಮ್ಮದೇ ಕಟ್ಟುಪಾಡುಗಳನ್ನೂ ಹಾಕುವುದರಿಂದ, ಟಿಕೆಟ್ಟಿಗೆ ಮುಂಚೆ ವಿಚಾರಿಸಿ ಪೆಟ್ಟಿಗೆ ಕೊಳ್ಳುವುದು ಜಾಣತನ.

ಕ್ರೇಟ್ ಮನೆಗೆ ಬಂದ ಮೇಲೆ ಮೊದಲ ಕೆಲವು ದಿನ ಮರಿ ಒಳಗೆ ನಿದ್ದೆ ಹೋದಾಗ ಒಮ್ಮೆ ಬಗ್ಗಿ ನೋಡಿ. ಮುದುಡಿ ಮಲಗಿದ್ದರೆ ಚಿಂತೆಯಿಲ್ಲ, ಚಳಿಗೋ ಅಭ್ಯಾಸಕ್ಕೋ ನಾಯಿಗಳು ಹಾಗೆ ಮಲಗುತ್ತವೆ. ಆದರೆ ಕಾಲು ಚಾಚಲು ಹೋಗಿ ಪಂಜಗಳು ಡಿವೈಡರಿಗೆ ಒತ್ತಿಕೊಂಡಿದ್ದರೆ, ಅಥವಾ ಮೂಗು ತಂತಿಗಳ ನಡುವಿನಿಂದ ಹೊರಗೆ ಬಂದಿದ್ದರೆ, ಡಿವೈಡರನ್ನು ಒಂದೆರಡು ತಂತಿಯಷ್ಟು ಹಿಂದೆ ಸರಿಸಿ. ಒಳಗೆ ಬಿಡುವ ಮುಂಚೆ ಕುತ್ತಿಗೆಯ ಪಟ್ಟಿಯನ್ನು ಬಿಚ್ಚಿಡಲು ಮರೆಯಬೇಡಿ. ಪಟ್ಟಿಯ ಬಿಲ್ಲೆ ತಂತಿಗೆ ಸಿಕ್ಕಿಕೊಂಡರೆ ಮರಿ ಗಾಬರಿಯಿಂದ ಎಳೆದಾಡಿ ಉಸಿರು ಕಟ್ಟಿಸಿಕೊಳ್ಳಬಹುದು.