ಸೈಟಿತ್ತು, ಮನೆ ಏಳಲಿಲ್ಲ: ಅಮೆರಿಕದ ಹಳ್ಳಿ ಕತೆಗಳ ಹೆಂಗಸರು

ಗಂಡ ಕುದುರೆ ಕೊಳ್ಳಲು ಪಕ್ಕದ ರಾಜ್ಯಕ್ಕೆ ಹೋಗಿದ್ದಾನೆ. ವಾಪಸ್ ಬರಲು ಮೂರ್ನಾಲ್ಕು ದಿನ ಬೇಕು. ಅಷ್ಟರಲ್ಲಿ ಹೆಂಡತಿ ಪಾತ್ರೆ-ಪಡಗ, ಹಾಸಿಗೆ, ಒಲೆ ಎಲ್ಲವನ್ನೂ ಎತ್ತಿಸಿಕೊಂಡು, ಮಗಳನ್ನೂ ಮಗನನ್ನೂ ಜೊತೆಗೆ ಹಾಕಿಕೊಂಡು, ಅವನು ಹೊಸದಾಗಿ ಕಟ್ಟಿಸಿದ ಕೊಟ್ಟಿಗೆಗೆ ಸಂಸಾರ ಸಾಗಿಸಿಬಿಡುತ್ತಾಳೆ. ಹೊಸದಾಗಿ ತಂದ ನಾಲ್ಕು ಹಸುಗಳಲ್ಲಿ ಮೂರು ಹಳೇ ಕೊಟ್ಟಿಗೆಗೆ. ನಾಲ್ಕನೆಯದು, ಇಷ್ಟು ದಿನ ಅಡುಗೆ ಒಲೆ ಇದ್ದ ಜಾಗಕ್ಕೆ!

ಇದು ಮೇರಿ ವಿಲ್ಕಿನ್ಸ್ ಫ್ರೀಮನ್ ಬರೆದ 'ದಿ ರಿವೋಲ್ಟ್ ಆಫ್ ಮದರ್', ಅಂದರೆ ಅಮ್ಮ ತಿರುಗಿಬಿದ್ದ ಕತೆ. 1890ರಲ್ಲಿ 'ಹಾರ್ಪರ್ಸ್ ಬಜಾರ್' ಪತ್ರಿಕೆಯಲ್ಲಿ ಬಂತು. ಹೆಂಡತಿಯ ಹೆಸರು ಸಾರಾ ಪೆನ್, ಗಂಡ ಅಡೊನಿರಾಮ್. ಮದುವೆಯಾದ ಹೊಸದರಲ್ಲಿ, ನಲವತ್ತು ವರ್ಷದ ಹಿಂದೆ, ಇದೇ ಜಾಗದಲ್ಲಿ ವರ್ಷದೊಳಗೆ ನಿನಗೊಂದು ಹೊಸ ಮನೆ ಕಟ್ಟಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಈಗ ಅದೇ ಜಾಗದಲ್ಲಿ ಕೊಟ್ಟಿಗೆ ಏಳುತ್ತಿದೆ, ಮಗಳ ಮದುವೆ ಮಾತ್ರ ಅದೇ ಇಕ್ಕಟ್ಟಿನ ಹಳೇ ಮನೆಯಲ್ಲಿ ಆಗಬೇಕು. ಅವಳು ಕೇಳುತ್ತಾಳೆ, ವಾದ ಮಾಡುತ್ತಾಳೆ, ಗೋಡೆಯ ಕಾಗದ ಕಿತ್ತುಬರುತ್ತಿರುವುದನ್ನು ಕೈ ಹಿಡಿದು ತೋರಿಸುತ್ತಾಳೆ. ಅವನದು ಒಂದೇ ಉತ್ತರ: ನಾನು ಹೇಳುವುದೇನೂ ಇಲ್ಲ. ನನಗೆ ತುಂಬಾ ಹಿಡಿಸುವ ಜಾಗ ಯಾವುದು ಗೊತ್ತಾ? ಇಷ್ಟೆಲ್ಲ ಸಿಟ್ಟಿದ್ದರೂ ಅವಳು ಅವನಿಗೆ ಇಷ್ಟವಾದ ಕಡುಬು ಮಾಡುವುದನ್ನು ಬಿಡುವುದಿಲ್ಲ. ಮನೆಗೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ. ಹಾಗಾಗಿ ಬೆರಳು ತೋರಿಸಲು ಯಾರಿಗೂ ಜಾಗವೇ ಸಿಗುವುದಿಲ್ಲ, ಬುದ್ಧಿ ಹೇಳಲು ಬಂದ ಊರಿನ ಪಾದ್ರಿಗೂ ಸಿಗುವುದಿಲ್ಲ.

ಇಂಥ ಕತೆಗಳು ಆ ಕಾಲದ ಅಮೆರಿಕದಲ್ಲಿ ರಾಶಿ ರಾಶಿ ಬಂದವು. ವಿಮರ್ಶಕರು ಅವಕ್ಕೆ 'ಲೋಕಲ್ ಕಲರ್' ಎಂದು ಹೆಸರಿಟ್ಟರು. ಊರಿನ ಬಣ್ಣ, ಅಷ್ಟೇ. ಹೆಸರಲ್ಲೇ ಸ್ವಲ್ಪ ತಾತ್ಸಾರ ಇದೆ, ಅಲ್ವಾ? ಪ್ರವಾಸಕ್ಕೆ ಹೋದವರು ಕೊಂಡು ತರುವ ಗೊಂಬೆಗೆ ಹಚ್ಚಿದ ಬಣ್ಣದ ಹಾಗೆ.

ಇವು ಹುಟ್ಟಿದ್ದಕ್ಕೆ ಕಾರಣ ಹಳ್ಳಿಯಲ್ಲಿ ಎಷ್ಟಿತ್ತೋ ಪೇಟೆಯಲ್ಲೂ ಅಷ್ಟೇ ಇತ್ತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. 1869ರಲ್ಲಿ ಪೂರ್ವದಿಂದ ಪಶ್ಚಿಮದ ಕರಾವಳಿಗೆ ರೈಲು ಹಳಿ ಕೂಡಿಕೊಂಡಿತು. ದೇಶ ಎಲ್ಲ ಕಡೆ ಒಂದೇ ಥರ ಆಗುತ್ತಿದೆ ಅನ್ನಿಸಿದಾಗ ಪೇಟೆಯ ಓದುಗರಿಗೆ ಮೂಲೆಯ ಊರುಗಳ ಮೇಲೆ ಆಸೆ ಹುಟ್ಟಿತು: ಅಲ್ಲಿನ ಮಾತು, ಅಲ್ಲಿನ ಅಡುಗೆ, ಅಲ್ಲಿನ ವಿಚಿತ್ರ ಮುದುಕಿಯರು. ಬಾಸ್ಟನ್ನಿನ 'ಅಟ್ಲಾಂಟಿಕ್ ಮಂತ್ಲಿ' ಶುರುವಾಗಿದ್ದು 1857ರಲ್ಲಿ. ಅದರ ಮೊದಲ ಸಂಚಿಕೆಯಲ್ಲೇ ಕನೆಕ್ಟಿಕಟ್‌ನ ರೋಸ್ ಟೆರ್ರಿ ಕುಕ್ ಅವರ ಕತೆ ಇತ್ತು. 'ಹಾರ್ಪರ್ಸ್ ಬಜಾರ್'ಗೆ 1867ರಿಂದ, ಅಂದರೆ ಶುರುವಿನಿಂದಲೇ, ಮೇರಿ ಲೂಯಿಸ್ ಬೂತ್ ಎಂಬ ಹೆಂಗಸೇ ಸಂಪಾದಕಿ. ಸಣ್ಣ ಕತೆಗೆ ಪತ್ರಿಕೆಗಳಲ್ಲಿ ಜಾಗ ಇತ್ತು, ದುಡ್ಡೂ ಇತ್ತು. ಮನೆಯಲ್ಲೇ ಕೂತು, ಬೇರೆಯವರ ಕಣ್ಣಿಗೆ ಬೀಳದೆ ಸಂಪಾದಿಸಬಹುದಾದ ಕೆಲಸ ಹೆಂಗಸರಿಗೆ ಆಗ ಎಷ್ಟಿತ್ತು?

ಇನ್ನು ಹಳ್ಳಿಯ ಕಡೆ. ಯುದ್ಧ ಅಷ್ಟೇ ಅಲ್ಲ, ಕ್ಯಾಲಿಫೋರ್ನಿಯಾದ ಚಿನ್ನ, ಪಶ್ಚಿಮದ ಅಗ್ಗದ ಜಮೀನು, ಪೇಟೆಯ ಕಾರ್ಖಾನೆ ಎಲ್ಲ ಸೇರಿ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳ, ಅಂದರೆ ನ್ಯೂ ಇಂಗ್ಲೆಂಡ್‌ನ ಹಳ್ಳಿಗಳಿಂದ ಗಂಡಸರನ್ನು ಎಳೆದುಕೊಂಡವು. ಮೇನ್ ಕರಾವಳಿಯಲ್ಲಿ ಹಡಗಿನ ವ್ಯಾಪಾರವೂ ಕುಸಿಯಿತು. ಊರಲ್ಲಿ ಉಳಿದವರು ವಿಧವೆಯರು, ಮದುವೆಯಾಗದ ಅಕ್ಕ-ತಂಗಿಯರು, ಮುದುಕ ಕ್ಯಾಪ್ಟನ್‌ಗಳು. ಈ ಕತೆಗಳ ತುಂಬಾ ಒಂಟಿ ಹೆಂಗಸರೇ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಆ ಊರುಗಳೇ ಹಾಗಿದ್ದವು. ಕಾನೂನು ನೋಡಿದರೆ, ಮದುವೆಯಾದ ಹೆಂಗಸು ತನ್ನ ಹೆಸರಲ್ಲಿ ಆಸ್ತಿ ಇಟ್ಟುಕೊಳ್ಳಬಹುದು ಎಂದು ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯ 1855ರಲ್ಲೇ ಒಪ್ಪಿತ್ತು. ಆದರೆ ಜಮೀನು ಗಂಡನ ಹೆಸರಲ್ಲೇ ಇದ್ದರೆ ಆ ಕಾನೂನು ಕಟ್ಟಿಕೊಂಡು ಸಾರಾ ಪೆನ್ ಏನು ಮಾಡಬೇಕು? ನಲವತ್ತು ವರ್ಷ ದುಡಿದಿದ್ದಾಳೆ, ಎಲ್ಲಿ ಏನು ಕಟ್ಟಬೇಕು ಎಂದು ಹೇಳುವ ಹಕ್ಕಿಲ್ಲ.

ಸಾರಾ ಆರ್ನ್ ಜೂವೆಟ್ ಅವರದು ಬೇರೆ ದಾರಿ. 1849ರಲ್ಲಿ ಮೇನ್ ರಾಜ್ಯದ ಸೌತ್ ಬರ್ವಿಕ್‌ನಲ್ಲಿ ಹುಟ್ಟಿದವರು. ಅಪ್ಪ ಡಾಕ್ಟರು. ಅವರ ಗಾಡಿಯಲ್ಲಿ ಕೂತು ರೋಗಿಗಳ ಮನೆಮನೆಗೆ ಹೋಗಿ ಊರನ್ನು ಕಲಿತರು. ಅವರ 'ಎ ವೈಟ್ ಹೆರನ್' (1886) ಕತೆಯಲ್ಲಿ ಸಿಲ್ವಿಯಾ ಎಂಬ ಒಂಬತ್ತು ವರ್ಷದ ಹುಡುಗಿ ಕಾಡಂಚಿನಲ್ಲಿ ಅಜ್ಜಿ ಜೊತೆ ಇದ್ದಾಳೆ. ಹಕ್ಕಿಗಳನ್ನು ಹೊಡೆದು, ಒಳಗೆ ತುಂಬಿ ಸಂಗ್ರಹಿಸುವ ಪೇಟೆಯ ಯುವಕನೊಬ್ಬ ಬರುತ್ತಾನೆ. ಬಿಳಿ ಕೊಕ್ಕರೆಯ ಗೂಡು ತೋರಿಸಿದವರಿಗೆ ಹತ್ತು ಡಾಲರ್ ಎನ್ನುತ್ತಾನೆ. ಬಡವರ ಮನೆಗೆ ಹತ್ತು ಡಾಲರ್ ಸುಮ್ನೆ ಮಾತಲ್ಲ. ಹುಡುಗಿ ಬೆಳಗಾಗುವ ಮುಂಚೆ ದೊಡ್ಡ ಪೈನ್ ಮರ ಹತ್ತಿ ಗೂಡನ್ನು ನೋಡಿಯೂ ಬಿಡುತ್ತಾಳೆ. ಆಮೇಲೆ ಅಜ್ಜಿ ಬೈದರೂ ಬಾಯಿ ಬಿಡುವುದಿಲ್ಲ. ಅಡೊನಿರಾಮ್‌ನ ಮೌನ ಯಜಮಾನನ ಮೌನ. ಇವಳದು ಕಾಪಾಡುವ ಮೌನ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ, ಜೂವೆಟ್ ಎಷ್ಟು ಗಟ್ಟಿಯ ಲೇಖಕಿ ಎಂದು ಗೊತ್ತಾಗುತ್ತದೆ.

ಹತ್ತು ವರ್ಷದ ನಂತರ, 1896ರಲ್ಲಿ ಬಂದ 'ದಿ ಕಂಟ್ರಿ ಆಫ್ ದಿ ಪಾಯಿಂಟೆಡ್ ಫರ್ಸ್' ಪುಸ್ತಕದಲ್ಲಿ ಮಿಸೆಸ್ ಟಾಡ್ ಎಂಬ ವಿಧವೆ ಗಿಡಮೂಲಿಕೆ ಔಷಧ ಕೊಡುತ್ತಾಳೆ. ಊರಿನ ಡಾಕ್ಟರ್ ಜೊತೆ ಜಗಳ ಇಲ್ಲ, ಇಬ್ಬರೂ ಹೊಂದಿಕೊಂಡೇ ಕೆಲಸ ಮಾಡುತ್ತಾರೆ. ಕತೆ ಹೇಳುವವಳು ಬೇಸಿಗೆ ಕಳೆಯಲು ಬಂದ ಪೇಟೆಯವಳು, ಮಿಸೆಸ್ ಟಾಡ್ ಮನೆಯಲ್ಲೇ ಬಾಡಿಗೆಗೆ ಇದ್ದಾಳೆ. ಹೇಳಿಕೊಳ್ಳುವಂಥ ಘಟನೆ ಏನೂ ಇಲ್ಲ. ಎಲೆ ಕೀಳುವುದು, ದೋಣಿಯಲ್ಲಿ ಹೋಗಿ ಅಮ್ಮನನ್ನು ನೋಡಿಬರುವುದು, ಕೂತು ಮಾತಾಡುವುದು. ಅಷ್ಟರಲ್ಲೇ ಒಂದು ಊರು ಪೂರ್ತಿ ಕಾಣುತ್ತದೆ.

ಮದುವೆಯೇ ಬೇಡ ಎನ್ನುವ ಕತೆಯೂ ಇದೆ. ಫ್ರೀಮನ್ ಅವರ 'ಎ ನ್ಯೂ ಇಂಗ್ಲೆಂಡ್ ನನ್' ಕತೆಯ ಲೂಯಿಸಾ ಎಲ್ಲಿಸ್‌ಗೆ ನಿಶ್ಚಿತಾರ್ಥ ಆಗಿ ಹದಿನೈದು ವರ್ಷ. ಅದರಲ್ಲಿ ಹದಿನಾಲ್ಕು ವರ್ಷ ಹುಡುಗ ದುಡಿಯಲು ಆಸ್ಟ್ರೇಲಿಯಾದಲ್ಲಿ. ಅವನು ವಾಪಸ್ ಬಂದು ಕೋಣೆಯೊಳಗೆ ಕಾಲಿಟ್ಟರೆ ನೆಲದ ಮೇಲೆ ಧೂಳು, ಬುಟ್ಟಿ ಪಲ್ಟಿ. ಇಷ್ಟು ವರ್ಷದಲ್ಲಿ ಇವಳಿಗೆ ತನ್ನ ಹೊಲಿಗೆ, ತನ್ನ ಹಕ್ಕಿ, ತನ್ನ ಒಪ್ಪವಾದ ಮನೆ ಅಭ್ಯಾಸವಾಗಿದೆ. ಅವನಿಗೂ ಇನ್ನೊಬ್ಬಳ ಮೇಲೆ ಮನಸ್ಸಾಗಿದೆ ಎಂದು ಆಕಸ್ಮಿಕವಾಗಿ ಕಿವಿಗೆ ಬಿದ್ದಾಗ ನಯವಾಗಿ ಅವನನ್ನು ಬಿಟ್ಟುಕೊಡುತ್ತಾಳೆ, ಮಾರನೇ ದಿನ ಕಿಟಕಿ ಪಕ್ಕ ಹೊಲಿಯುತ್ತಾ ಕೂರುತ್ತಾಳೆ. ಇದನ್ನು ಬತ್ತಿಹೋದ ಹೆಂಗಸಿನ ಕತೆ ಎಂದು ಓದಿದವರು ಜಾಸ್ತಿ. ಅಂಗಳದಲ್ಲಿ ಹದಿನಾಲ್ಕು ವರ್ಷದಿಂದ ಸರಪಳಿ ಹಾಕಿ ಕಟ್ಟಿದ ನಾಯಿ ಇದೆ ನೋಡಿ, ಅದು ಅವರ ವಾದಕ್ಕೆ ಸಾಕ್ಷಿ. ನನಗೆ ಮಾತ್ರ ಹಾಗನ್ನಿಸುವುದಿಲ್ಲ. ನಾಯಿಯೂ ಇದೆ, ಅವಳ ಸಮಾಧಾನವೂ ಇದೆ. ಫ್ರೀಮನ್ ಎರಡರಲ್ಲಿ ಒಂದನ್ನೂ ಅಳಿಸಲಿಲ್ಲ.

ದಕ್ಷಿಣದ ಕಡೆಯೂ ಇದೇ ಅಲೆ. ಟೆನೆಸ್ಸಿ ಬೆಟ್ಟದ ಕತೆಗಳನ್ನು ಬರೆಯುತ್ತಿದ್ದ ಚಾರ್ಲ್ಸ್ ಎಗ್ಬರ್ಟ್ ಕ್ರ್ಯಾಡಕ್ ಗಂಡಸೇ ಎಂದು 'ಅಟ್ಲಾಂಟಿಕ್'ನವರು ವರ್ಷಗಟ್ಟಲೆ ನಂಬಿದ್ದರು. 1885ರಲ್ಲಿ ಕಚೇರಿಗೆ ಬಂದು ನಿಂತದ್ದು ಮೇರಿ ಮರ್ಫ್ರಿ ಎಂಬ ಹೆಂಗಸು! ಲೂಯಿಸಿಯಾನಾದ ಬಗ್ಗೆ ಬರೆದ ಕೇಟ್ ಶೋಪ್ಯಾನ್ 1893ರ 'ಡೆಸಿರೀಸ್ ಬೇಬಿ'ಯಲ್ಲಿ ಮಗುವಿನ ಮೈಬಣ್ಣ ನೋಡಿ ಗಂಡ ಹೆಂಡತಿಯನ್ನು ಹೊರಹಾಕುವುದನ್ನು ತೋರಿಸಿದರು. ಉತ್ತರದ ಕತೆಗಳಲ್ಲಿ ಬಣ್ಣದ ಪ್ರಶ್ನೆ ಹೀಗೆ ಎದುರಿಗೆ ಬರುವುದು ಕಡಿಮೆ.

ಮುಂದಿನ ಶತಮಾನದಲ್ಲಿ ಈ ಲೇಖಕಿಯರು ಮೆಲ್ಲಗೆ ಹಿಂದಿನ ಕಪಾಟಿಗೆ ಹೋದರು. ಕಾದಂಬರಿಕಾರ ಹೆನ್ರಿ ಜೇಮ್ಸ್ 1915ರಲ್ಲಿ ಜೂವೆಟ್ ಅವರನ್ನು ಹೊಗಳುವಾಗಲೂ ಅವರ ಸಾಧನೆಗೆ 'ಚಿಕ್ಕ' ಎಂಬ ಪದ ಅಂಟಿಸಿದರು. ಫ್ರೀಮನ್‌ಗೆ 1926ರಲ್ಲಿ ಹೋವೆಲ್ಸ್ ಪದಕ ಬಂತು, ಆ ಪದಕ ಮೊದಲು ಸಿಕ್ಕಿದ್ದೇ ಅವರಿಗೆ. 1930ರಲ್ಲಿ ಅವರು ತೀರಿಕೊಂಡರು, ಆಮೇಲೆ ಓದುವವರು ಕಡಿಮೆಯಾದರು. 'ಮೋಬಿ ಡಿಕ್' ಕಾದಂಬರಿಯ ತಿಮಿಂಗಿಲ ಬೇಟೆ ದೊಡ್ಡ ವಿಷಯ, ಅಡುಗೆಮನೆ ಸಣ್ಣ ವಿಷಯ ಎಂಬ ಲೆಕ್ಕ ಅದು.

ಮಹಿಳಾ ಚಳವಳಿ ಬಂದ ಮೇಲೆ ಧೂಳು ಕೊಡವಿದರು. ಫೆಮಿನಿಸ್ಟ್ ಪ್ರೆಸ್ 1974ರಲ್ಲಿ ಫ್ರೀಮನ್ ಕತೆಗಳನ್ನು ಮತ್ತೆ ಅಚ್ಚು ಹಾಕಿತು. ವಿಮರ್ಶಕಿಯರಾದ ಜೂಡಿತ್ ಫೆಟರ್ಲಿ ಮತ್ತು ಮಾರ್ಜರಿ ಪ್ರೈಸ್ 1992ರಲ್ಲಿ ಇಂಥ ಲೇಖಕಿಯರದೇ ದೊಡ್ಡ ಸಂಕಲನ ತಂದರು. ಹಳ್ಳಿಯವರನ್ನು ಹೊರಗಿನಿಂದ ನೋಡಿ ನಗುವುದು ಬೇರೆ, ಅವರ ಪಕ್ಕ ಕೂತು ಅವರ ಕಣ್ಣಿಂದ ನೋಡುವುದು ಬೇರೆ ಎಂಬುದು ಅವರ ವಾದ. ಮೊದಲನೆಯದು ಲೋಕಲ್ ಕಲರ್, ಎರಡನೆಯದು ಪ್ರಾದೇಶಿಕತೆ. ಅದೇ ಹೊತ್ತಿಗೆ ರಿಚರ್ಡ್ ಬ್ರಾಡ್‌ಹೆಡ್, ಏಮಿ ಕಪ್ಲಾನ್ ಅಂಥ ವಿಮರ್ಶಕರು ತಕರಾರು ತೆಗೆದರು: ಇದೆಲ್ಲ ಪೇಟೆಯ ಉಳ್ಳವರ ಬೇಸಿಗೆ ರಜೆಗೆ ಬೇಕಾದ ಹಳ್ಳಿ. ತಕರಾರು ಪೂರ್ತಿ ಸುಳ್ಳಲ್ಲ. ಜೂವೆಟ್ ಪುಸ್ತಕದ ಆ ದೊಡ್ಡ ಕುಟುಂಬದ ಕೂಟದಲ್ಲಿ ಎಲ್ಲರೂ ಸೈನ್ಯದ ಹಾಗೆ ಸಾಲಾಗಿ ನಡೆಯುವ, ವಂಶದ ಹೆಮ್ಮೆ ಕೊಚ್ಚಿಕೊಳ್ಳುವ ಭಾಗ ನನಗೂ ಇರಿಸುಮುರಿಸು. ಆದರೆ ಸಾರಾ ಪೆನ್ ಕತೆಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ರಜೆಗೆ ಬಂದವರು ಯಾರೂ ಇಲ್ಲ.

ತಮಾಷೆ ಎಂದರೆ, ಆ ಕತೆಯ ಮೇಲೆ ಎಲ್ಲರಿಗಿಂತ ಜೋರಾಗಿ ಹರಿಹಾಯ್ದವರು ಸ್ವತಃ ಫ್ರೀಮನ್. 1917ರಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್'ನಲ್ಲಿ ಬರೆದರು: ಕತೆಯಲ್ಲಿ ಒಂದು ಅಕ್ಷರವೂ ನಿಜವಲ್ಲ, ನ್ಯೂ ಇಂಗ್ಲೆಂಡ್‌ನಲ್ಲಿ ಅಂಥ ಅಮ್ಮ ಇರಲೇ ಇಲ್ಲ, ಇದ್ದಿದ್ದರೂ ಅವಳಿಗೆ ಅಷ್ಟು ಧೈರ್ಯ ಇರುತ್ತಿರಲಿಲ್ಲ. ದುಡ್ಡು ತರುವ ದನಕ್ಕೆ ಒಳ್ಳೆಯ ಸೂರು, ದುಡ್ಡು ಖರ್ಚು ಮಾಡುವ ಮನುಷ್ಯರಿಗೆ ಆಮೇಲೆ ಎಂದು ಹೆಂಗಸರೂ ಗಂಡಂದಿರ ಹಾಗೇ ಒಪ್ಪಿಕೊಂಡಿದ್ದರು ಎಂದೂ ಸೇರಿಸಿದರು.

ನಂಬಬೇಕಾ? ಅವರ ಮನೆಯ ಕತೆ ನೋಡಿ. ಅಪ್ಪ 1867ರಲ್ಲಿ ಸಂಸಾರವನ್ನು ವರ್ಮಾಂಟ್‌ನ ಬ್ರ್ಯಾಟಲ್‌ಬರೋಗೆ ಕರೆದುಕೊಂಡು ಹೋದರು, ಅಂಗಡಿ ವ್ಯಾಪಾರಕ್ಕೆ. ಮನೆ ಕಟ್ಟಲೆಂದು ಸೈಟು ಕೊಂಡರು. ವ್ಯಾಪಾರ ಕೈಹತ್ತಲಿಲ್ಲ, ಸೈಟಿನಲ್ಲಿ ಮನೆ ಏಳಲಿಲ್ಲ. 1877ರಲ್ಲಿ ಎಲ್ಲರೂ ಊರಿನ ಪಾದ್ರಿಯ ಮನೆ ಸೇರಿಕೊಂಡರು. ಅಲ್ಲಿ ಅಮ್ಮನಿಗೆ ಮನೆ ನೋಡಿಕೊಳ್ಳುವ ಕೆಲಸ, ಬೇರೆಯವರ ಅಡುಗೆಮನೆಯಲ್ಲಿ. 1880ರಲ್ಲಿ ಅಮ್ಮ ತೀರಿಕೊಂಡರು. ಕತೆ ಬಂದದ್ದು ಅದಾಗಿ ಹತ್ತು ವರ್ಷಕ್ಕೆ.